ಮುಟ್ಟಿತಾ?

ಆ ಬಾಗಿಲು ಹಾಕಿ ಬನ್ನಿ, ಹೇಳ್ತೀನಿ. ಇದು ಎಲ್ಲೋ ಕೇಳಿದ ಕತೆಯಲ್ಲ... ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ಅವನಿಗೆ ಎಲ್ಲರೂ ಇಟ್ಟ ಹೆಸರು 'ಆಯ್ತಣ್ಣ'. ಕೆಲಸ ಹೇಳಿ ಮುಗಿಸೋ ಮೊದಲೇ "ಆಯ್ತಣ್ಣ" ಅಂದುಬಿಡೋನು. ಆಗ್ತಿದ್ದದ್ದು ಎಷ್ಟು ಅಂತ ದೇವರಿಗೇ ಗೊತ್ತು.

ಅವತ್ತು ತಡವಾಗಿತ್ತು. ಕರೆಂಟಿಲ್ಲ. ಗಡಿಯಾರದ ಗೋಪುರದ ಹಿಂದಿನ ದಾರಿ ಹಿಡಿದು ಮನೆಗೆ ಬರ್ತಿದ್ದ. ಹಾಳುಬಾವಿ ಹತ್ರ ಬಂದಾಗ ಒಳಗಿಂದ ಸದ್ದು... ಟಣ್... ಟಣ್... ತಾಮ್ರಕ್ಕೆ ಕಬ್ಬಿಣ ಬಡಿದ ಸದ್ದು.

ಅದು ನಮ್ಮಣ್ಣನ ಸದ್ದು. ಅಣ್ಣ ಸತ್ತು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಅಣ್ಣನ ಕೆಲಸ ಕಟ್ಟಡಗಳಿಗೆ ಸಿಡಿಲಿನ ಕಂಬಿ ಹಾಕೋದು. "ಸಿಡಿಲನ್ನ ತಡೆಯೋಕಾಗಲ್ಲ ಕಣೇ, ದಾರಿ ತೋರಿಸಬಹುದು ಅಷ್ಟೆ" ಅಂತಿದ್ದ. ನೆತ್ತಿ ಮೇಲೆ ಕಂಬಿ, ಗೋಡೆಗುಂಟ ತಂತಿ, ಕೆಳಗೆ ತೇವದ ಮಣ್ಣಲ್ಲಿ ಹೂತ ತಾಮ್ರದ ತಗಡು. ಅಣ್ಣ ಮೇಲೆ, ಆಯ್ತಣ್ಣ ಕೆಳಗೆ ಗುಂಡಿಯಲ್ಲಿ. ಅಣ್ಣ ಸ್ಪ್ಯಾನರಿನಿಂದ ತಂತಿ ಬಡಿದು ಕೂಗೋನು, "ಮುಟ್ಟಿತಾ?" ತಗಡಿಗೆ ತಂತಿ ಬಿಗಿದು ಹಸಿಮಣ್ಣಲ್ಲಿ ಇಟ್ಟ ಮೇಲೇ ಕೆಳಗಿನವನು "ಮುಟ್ತು" ಅನ್ನಬೇಕು. ಮೇಲಿನವನಿಗೆ ಗುಂಡಿ ಕಾಣಲ್ಲ. ಆ ಮಾತೊಂದೇ ಗತಿ.

ಗೋಪುರದ ಕೆಲಸದಲ್ಲೂ ಆಯ್ತಣ್ಣ "ಮುಟ್ತು" ಅಂದ. ಅಣ್ಣ ನಂಬಿದ. ಮೊದಲ ಗುಡುಗಿನ ದಿನ ಗಡಿಯಾರಕ್ಕೆ ಎಣ್ಣೆ ಬಿಡೋಕೆ ಗೋಪುರ ಹತ್ತಿದ. ಬೇಡ ಅಂದೆ. "ನಮ್ಮದೇ ಕಂಬಿ, ಅಮ್ಮನ ಸೆರಗಿನೊಳಗೆ ಇದ್ದಂಗೆ" ಅಂದ. ಸಿಡಿಲು ಬಿತ್ತು... ಮಣ್ಣಿಗೆ ಇಳಿಯೋಕೆ ದಾರಿ ಸಿಗದೆ ಅಣ್ಣ ಇದ್ದ ಗಡಿಯಾರದ ಕೋಣೆಯೊಳಗೆ ಹಾರಿತು. "ತಾನೇ ಕೆಟ್ಟದಾಗಿ ಹಾಕಿದ, ತಾನೇ ಸತ್ತ" ಅಂದರು ಜನ. ಅಣ್ಣನಂತೂ ವಾಪಸ್ ಬರಲ್ಲ. ಅವನ ಹೆಸರಿಗೆ ಹತ್ತಿದ ಮಸಿ ಹೋದರೆ ಸಾಕಿತ್ತು ನನಗೆ.

ಈಗ ಬಾವಿಯೊಳಗಿಂದ ಪಿಸುಮಾತು.

"ಮುಟ್ಟಿತಾ?"

"ಯಾ... ಯಾರು?"

"ಮುಟ್ಟಿತಾ?"

"ಇಲ್ಲಣ್ಣ..." ಅಂದನಂತೆ, ಅಳುತ್ತಾ.

ಆಗ ಶುರುವಾಯ್ತು. ಕರ್ರ್... ಕರ್ರ್... ಬಾವಿಯ ಕಲ್ಲಿಗೆ ತಗಡು ಉಜ್ಜುತ್ತಾ ಮೇಲೇರೋ ಸದ್ದು. ಬಿದ್ದೆನೋ ಎದ್ದೆನೋ ಅಂತ ಓಡಿಬಂದು ನನ್ನ ಹೊಸ್ತಿಲಲ್ಲಿ ಕುಸಿದ.

"ಅಕ್ಕಾ... ಗುಂಡಿಯಲ್ಲಿ ಬಂಡೆ ಸಿಕ್ತು. ಒಡೆಯೋಕೆ ಬೇಜಾರಾಯ್ತು. ತಂತಿ ತುದೀನ ಜಲ್ಲಿಯಲ್ಲಿ ಮುಚ್ಚಿಬಿಟ್ಟೆ. ತಗಡು ಯಾರಿಗೂ ಕಾಣಬಾರದು ಅಂತ... ಬಾವಿಗೆ ಎಸೆದೆ."

ನಮ್ಮ ಮನೆಯಲ್ಲೇ ಉಂಡು ಬೆಳೆದವನು. ಉಂಡ ಮನೆ ಜಂತೆ ಎಣಿಸೋದು ಅಂದರೆ ಇದೇ. ಆದರೂ ಕೇಳಿದೆ, "ನಾಳೆ ಎಲ್ಲರ ಮುಂದೆ ಇದನ್ನೇ ಹೇಳ್ತೀಯಾ?"

"ಆಯ್ತಕ್ಕ."

ಬೆಳಿಗ್ಗೆ ಬೀದಿಯವರನ್ನೆಲ್ಲ ಗೋಪುರದ ಹತ್ರ ಕರೆದೆ. ಗುಂಡಿಯ ಮೇಲೆ ಹುಲ್ಲು ಬೆಳೆದು ನಿಂತಿತ್ತು, ಒಂದು ಕಡ್ಡಿಯೂ ಕದಲಿರಲಿಲ್ಲ. ಅಗೆಸಿದೆ. ಜಲ್ಲಿ ಬಂತು. ಬಂಡೆ ಬಂತು... ಎರಡು ಹೋಳಾಗಿತ್ತು. ಅದರ ಕೆಳಗೆ ಹಸಿಮಣ್ಣು, ಮಣ್ಣಲ್ಲಿ ತಾಮ್ರದ ತಗಡು. ಅದಕ್ಕೆ ತಂತಿ ಬಿಗಿಯಾಗಿ ಕೂತಿತ್ತು.

ಆಯ್ತಣ್ಣ ತಗಡು ನೋಡಿದ. ನನ್ನ ಮುಖ ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ನೋಡಿ, ಮುಟ್ಟಿದೆಯಲ್ಲ! ನಾನು ಅವತ್ತೇ ಹೇಳಿರಲಿಲ್ವಾ? ಪಾಪ, ಅಕ್ಕನಿಗೆ ದುಃಖದಲ್ಲಿ ಏನೇನೋ ಅನ್ಸುತ್ತೆ."

ಎಲ್ಲರೂ ಅಯ್ಯೋ ಪಾಪ ಅನ್ನುತ್ತಾ ಹೋದರು. ರಾತ್ರಿ ಅಣ್ಣನೇ ಬಂದು ಅರ್ಧಕ್ಕೆ ನಿಂತ ಕೆಲಸ ಮುಗಿಸಿದ್ದ. ಅದನ್ನೇ ಆ ಪಾಪಿ ತನ್ನ ಸಾಕ್ಷಿ ಮಾಡ್ಕೊಂಡ.

ನಾನೊಬ್ಬಳೇ ಗುಂಡಿಗೆ ಇಳಿದೆ... ನೀವು ನಂಬಿ, ಬಿಡಿ, ಇದು ನನ್ನ ಕಣ್ಣಾರೆ ಕಂಡದ್ದು. ತಗಡಿನ ತುಂಬ ಬಾವಿಯ ಪಾಚಿ. ಹಸಿರು ಪಾಚಿ, ಇನ್ನೂ ಒದ್ದೆಯಾಗಿತ್ತು.