ಬಾಗ್ಲ ಗಿಣಿ ಕೊರಳಿಗೆ ಬಂದದ್ದು

ಅದಕ್ಕೇ ಯಾರೂ ಕೇಳಿಲ್ಲ ಕಣವ್ವ ಚೈತ್ರಾ, ನೀನು ಸರಾನ ಪೆಟ್ಟಿಗೇಲಿ ಮಲಗಿಸಿ ಫೋಟೋ ತೆಗ್ದಿದ್ದೀಯ! ಮಾರಾಕೆ ಅಂತ ಫೋನಲ್ಲಿ ಹಾಕಿದ್ದನ್ನ ನೋಡ್ದೋರು, ಪಾಪ ನಿದ್ದೆ ಮಾಡ್ತದೆ, ಎಬ್ಬಿಸೋದು ಬ್ಯಾಡ ಅಂತ ಮುಂದಕ್ಕೆ ಹೋಗ್ತಾರೆ. ಬಾ, ಜಗಲಿ ಮೇಲೆ ಕೂತ್ಕ. ನಿನ್ನ ತಂಗೀನೂ ಕರಿ. ನಮ್ಮ ಹುಣಸೂರಿನ ಈ ಸರದ ಅಂಗಡಿ ಎಲ್ಲಿಂದ ಹುಟ್ತು ಗೊತ್ತಾ? ಬಾಗ್ಲಿಂದ. ನಗಬ್ಯಾಡ್ರೇ, ಬಾಗ್ಲಿಂದಾನೇ.

ನಂಗೆ ತೌರಲ್ಲಿ ಹಾಕಿದ್ದು ಒಂದು ಗುಂಡಿನ ಸರ, ಚಿನ್ನದ್ದು. ಅದನ್ನ ಮಾರಿ ನಿಮ್ಮ ತಾತ ಬಳೆ, ರಿಬ್ಬನ್ನು, ಅರಿಶಿನ ಕುಂಕುಮದ ಅಂಗಡಿ ಇಟ್ರು. ಅತ್ಕೊಂಡು ಕೊಟ್ಟೆ ಅಂದ್ಕೋಬ್ಯಾಡಿ, ನಾನೇ ಬಿಚ್ಚಿ ಕೊಟ್ಟೆ. ಕೊರಳಲ್ಲೇ ಇದ್ರೆ ಅದೇನು ಮರಿ ಹಾಕ್ತದಾ? ಆ ಮಳೆಗಾಲದಲ್ಲೇ ಲಕ್ಷ್ಮಣತೀರ್ಥ ಹೊಳೆ ಉಕ್ಕಿ ಬಂತು ನೋಡಿ, ಅಂಗಡಿ ಒಳಗೆ ಮೊಳಕಾಲುದ್ದ ನೀರು. ರಿಬ್ಬನ್ನೆಲ್ಲ ಹಾವಿನಂಗೆ ತೇಲ್ತಾವೆ, ಕುಂಕುಮ ಕರಗಿ ಬೀದಿಯೆಲ್ಲ ಕೆಂಪಗೆ. ಎದುರು ಅಂಗಡಿಯೋರು "ಏನ್ರೀ, ಒಬ್ರೇ ಓಕುಳಿ ಆಡ್ತಿದ್ದೀರಾ?" ಅಂದ್ರು. ನಿಮ್ಮ ತಾತ ನಕ್ಬುಟ್ರು. ನಾನೂ ನಕ್ಕೆ. ಮತ್ತೇನು ಮಾಡದು, ನೀರಿಗೆ ನೋಟೀಸ್ ಕೊಡಕಾಯ್ತದಾ? ಗಾಜಿನ ಬಳೆ ಒಂದು ಉಳೀತು, ತೊಳ್ದಿಟ್ವಿ. ಒಂದೊಪ್ಪತ್ತು ಮುದ್ದೆ, ಒಂದೊಪ್ಪತ್ತು ಅಂಬಲಿ, ಅಂಗೇ ನಡೀತಿತ್ತು.

ಅಂಥಾ ಹೊತ್ತಲ್ಲಿ ಪಿರಿಯಾಪಟ್ಟಣದಿಂದ ಮದುವೆ ಕರೆ ಬಂತು. ನಮ್ಮ ದೊಡ್ಡಮ್ಮ ಇದ್ರಲ್ಲ, ನಮ್ಮವ್ವನ ಅಕ್ಕ, ಅವರ ಮಗಳು ಪುಟ್ಟಗೌರಿದು. ನಿಮ್ಮ ತಾತ, "ಜ್ವರ ಅಂತ ಹೇಳಿ ಕಳಿಸ್ಬುಡಣ" ಅಂದ್ರು. "ಜ್ವರ ಯಾರಿಗೆ, ಅಂಗಡಿಗಾ?" ಅಂದೆ ನಾನು. "ಪಿರಿಯಾಪಟ್ಟಣದ ಸಗಟು ಸಾವ್ಕಾರ್ರೆಲ್ಲ ಆ ಮದುವೆಗೆ ಬತ್ತಾರೆ. ವ್ಯಾಪಾರಸ್ಥನ ಹೆಂಡ್ತಿ ಕೊರಳೇ ಅವನ ಬೋರ್ಡು ಕಣ್ರೀ. ಅರಿಶಿನದ ದಾರದ ತಾಳಿ ಬುಟ್ರೆ ನನ್ನ ಕೊರಳಲ್ಲಿ ಏನದೆ? ಬೋಳು ಕೊರಳು ಕಂಡ್ರೆ ಅಂಗಡಿ ಮುಳುಗ್ತು ಅಂತಾರೆ. ಹೋಗ್ದೇ ಇದ್ರೂ ಅದನ್ನೇ ಅಂತಾರೆ. ಆಮೇಲೆ ನಮ್ಮನ್ನ ನಂಬಿ ಮಾಲು ಕೊಡೋರು ಯಾರು?"

ಅಂಗಂದು ತಲೆ ಎತ್ತಿದೆ, ಬಾಗ್ಲಲ್ಲಿ ಮಣಿ ತೋರಣ ನೇತಾಡ್ತಾ ಇತ್ತು. ನನ್ನ ಮದುವೆಗೆ ದೊಡ್ಡಮ್ಮನೇ ಕೈಯಾರೆ ಪೋಣಿಸಿ ಕೊಟ್ಟಿದ್ದು. ಹಸಿರು, ಕೆಂಪು, ಬಿಳೀ ಗಾಜಿನ ಮಣಿ, ಮಧ್ಯದಲ್ಲಿ ಒಂದು ಗಿಣಿ. ಕೆಂಪು ಮಣಿ ಸಾಲದೆ ಗಿಣಿ ಕೊಕ್ಕಿಗೆ ನೀಲಿ ಹಾಕಿದ್ರು ಮಹಾತಾಯಿ. "ಕತ್ರಿ ಕೊಡ್ರೀ" ಅಂದೆ. ಒಲೆ ಹೊಗೆಗೆ ಕಪ್ಪಾಗಿದ್ದ ಮಣೀನೆಲ್ಲ ಅಂಟುವಾಳದಲ್ಲಿ ತಿಕ್ಕಿ ತೊಳ್ದೆ. ಮೂರೆಳೆ ಪೋಣಿಸಿ, ಆ ಗಿಣೀನ ಪದಕ ಮಾಡಿ ಕಟ್ಟಿ ಕನ್ನಡಿ ಮುಂದೆ ನಿಂತೆ. ಏನಂತೀರಿ! ಬಾಗ್ಲಲ್ಲಿದ್ದಾಗ ಅದು ತಲೆಗೆ ತಗಲೋ ಮಣಿ, ಕೊರಳಿಗೆ ಬಂದೇಟಿಗೆ ಒಡವೆ. ನೀವೇ ನೋಡಿಲ್ವಾ, ಹಳೇ ಗುಡಿಗಳಲ್ಲಿ ಕಲ್ಲಿನ ಹೆಂಗಸರಿಗೆ ಮೂಗು ಹೋಗಿರ್ತದೆ, ಕೈ ಹೋಗಿರ್ತದೆ, ಕೊರಳ ಸರ ಮಾತ್ರ ಕಡ್ದಾಗ ಹೆಂಗಿತ್ತೋ ಅಂಗೇ ಇರ್ತದೆ. ಕಾಡಿನ ಕಡೆ ಹಾಡಿ ಹೆಂಗಸರು ಕೊರಳ ತುಂಬ ಮಣಿ ಹಾಕ್ತಾರೆ, ನಮ್ಮ ಗಂಡಸರಿಗೆ ಶಿವದಾರ, ಎತ್ತಿಗೂ ಕವಡೆ ಸರ. ಕೊರಳು ಅಂತ ಇದ್ದ ಮೇಲೆ ಏನಾದ್ರೂ ಬೇಕು ಅಂತದೆ. ಅದು ಇವತ್ತಿನ ಚಪಲ ಅಲ್ಲ. ಎಲ್ಲಿದ್ದೆ? ಹಾಂ, ಮದುವೆ.

ಬಸ್ಸಿಳಿದು ಚಪ್ಪರದ ತಾವ ಹೋಗಿ ಬಾಗ್ಲು ನೋಡ್ತೀನಿ, ಅದೇ ತೋರಣ! ಅದೇ ನೀಲಿ ಕೊಕ್ಕಿನ ಗಿಣಿ! ದೊಡ್ಡಮ್ಮ ಜೋಡಿ ಮಾಡಿ ಒಂದು ನಂಗೆ ಕೊಟ್ಟು ಒಂದು ತಾವು ಇಟ್ಕೊಂಡಿದ್ರು, ಮರ್ತೇಬುಟ್ಟಿದ್ದೆ. ಮೇಲೊಂದು ಗಿಣಿ, ನನ್ನ ಎದೆ ಮೇಲೊಂದು ಗಿಣಿ. ಸರಕ್ಕನೆ ಸೆರಗು ಹೊದ್ಕಂಡೆ. ಮುಚ್ಕಂಡಷ್ಟೂ ಹೆಂಗಸರು ಬುಡ್ತಾರಾ? "ಏನೇ ಅದು, ಹೊಸಾದಾ? ತೋರ್ಸೇ, ದೃಷ್ಟಿ ಆಗಕಿಲ್ಲ!" ಅಂತ ಸೆರಗೆಳೆಯೋರೇ ಎಲ್ಲ. ಅಷ್ಟೊತ್ತಿಗೆ ದೊಡ್ಡಮ್ಮ ಬಂದ್ರು. ನನ್ನ ಕೊರಳು ನೋಡಿದ್ರು. ಬಾಗ್ಲು ನೋಡಿದ್ರು. ಇನ್ನೊಂದ್ಸಲ ಕೊರಳು ನೋಡಿದ್ರು. ನನ್ನ ಕೈ ಹಿಡ್ಕಂಡು ದರದರ ಉಗ್ರಾಣಕ್ಕೆ ಎಳ್ಕೊಂಡು ಹೋಗಿ ಅಗಳಿ ಹಾಕಿದ್ರು.

"ಇದು ನನ್ನ ಗಿಣಿ ಅಲ್ವೇನೇ?"

"ಹೂಂ ದೊಡ್ಡಮ್ಮ."

ಹೊಡೀತಾರೆ ಅಂದ್ಕಂಡೆ. ಅವರು ಬೆಳಿಗ್ಗೆಯಿಂದ ಹೊದ್ದಿದ್ದ ಸೆರಗು ಸರಿಸಿದ್ರು. ತಾಳಿ ದಾರ ಬುಟ್ರೆ ಕೊರಳು ಬೋಳು! ಇದ್ದ ಒಂದು ಸರ ಪುಟ್ಟಗೌರಿ ಕೊರಳಿಗೆ ಹೋಗಿತ್ತು. "ಸೆಖೇಲಿ ಬೆಂದೋಗಿದ್ದೀನಿ ಕಣೇ. ಬೀಗಿತ್ತಿ ಬರೋ ಹೊತ್ತಾಯ್ತು" ಅಂದು ನನ್ನ ಕಿವಿ ತಾವ ಬಂದು ಕೇಳಿದ್ರು, "ಕತ್ರಿ ತಂದಿದ್ದೀಯಾ?"

ಯಾರೂ ಕಾಣದಂಗೆ ಬಾಗ್ಲ ತೋರಣ ಇಳಿಸಿ ತಂದು, ಇಬ್ರೂ ಅಕ್ಕಿ ಮೂಟೆ ಮೇಲೆ ಕೂತು ಪೋಣಿಸಿದ್ದೇ ಪೋಣಿಸಿದ್ದು, ನಕ್ಕು ನಕ್ಕು ಸೂಜಿಗೆ ಮಣಿ ಸಿಗ್ತಿಲ್ಲ. ಹೊರಗೆ ದೊಡ್ಡಪ್ಪನ ಕೂಗು: "ಬಾಗ್ಲ ತೋರಣ ಯಾವನ್ಲಾ ಕದ್ದೋನು?" ದೊಡ್ಡಮ್ಮ ಒಳಗಿಂದಾನೇ, "ಮಾವಿನೆಲೆ ಕಟ್ಟಿಸ್ರೀ! ಮದುವೆ ಮನೆಗೆ ಮಣಿ ಯಾತಕ್ಕೆ?" ಅಂದ್ರು. ದೊಡ್ಡಪ್ಪ ಮಾವಿನೆಲೆ ತರಕ್ಕೆ ಆಳು ಓಡಿಸಿದ್ರು.

ಕೆ.ಆರ್. ನಗರದಿಂದ ಬೀಗಿತ್ತಿ ಬಂದ್ರು, ಮೈತುಂಬ ಚಿನ್ನ. ನಮ್ಮಿಬ್ಬರ ಕೊರಳೂ ನೋಡಿ, "ಒಂದೇ ಥರ ಹಾಕಿದ್ದೀರಲ್ಲ, ನಿಮ್ಮ ಮನೆತನದ್ದಾ?" ಅಂದ್ರು. ದೊಡ್ಡಮ್ಮ ಕಣ್ಣು ಮಿಟುಕಿಸಲಿಲ್ಲ. "ಹೂಂ, ನಮ್ಮ ಹೆಣ್ಮಕ್ಕಳಿಗೆ ಮಾತ್ರ." ಬೀಗಿತ್ತಿ ಮುಖ ಸಣ್ಣಗಾಯ್ತು. ನಾನು ಬುಡ್ತೀನಾ? "ಇವತ್ತಿಂದ ನೀವೂ ನಮ್ಮೋರೇ ಅಲ್ವಾ ಅಮ್ಮಾ, ನಮ್ಮ ಹುಣಸೂರಿನ ಅಂಗಡೀಲಿ ಮಾಡಿಸಿ ಕಳಿಸ್ತೀನಿ" ಅಂದೆ. ಪಂಕ್ತಿ ಎದ್ದೇಳೋದ್ರೊಳಗೆ ಅವರ ಕಡೆ ಹೆಂಗಸರೆಲ್ಲ ನಂಗೊಂದು ನಂಗೊಂದು ಅಂದ್ರು, ಸಗಟು ಸಾವ್ಕಾರ್ರ ಹೆಂಡ್ತೀನೂ ಸೇರಿ. ಸಾವ್ಕಾರ್ರು ಕೈ ತೊಳೀತಾ ನಿಮ್ಮ ತಾತನಿಗೆ, "ಮಣಿ ಎಷ್ಟು ಬೇಕೋ ತಗಂಡೋಗಯ್ಯ, ಮಾರಿ ಆಮೇಲೆ ದುಡ್ಡು ಕೊಡುವಂತೆ" ಅಂದ್ರು. ಆ ಮಣಿ ಬರೋ ತಂಕ ತಡೀಬೇಕಲ್ಲ, ಬಳೆ ಕೊಟ್ಟು ನಮ್ಮ ಬೀದಿ ತೋರಣಾನೆಲ್ಲ ಇಸ್ಕಂಡೆ. ಇನ್ನೊಂದು ತಮಾಷೆ ಕೇಳಿ, ಆಮೇಲೆ ಕೆಂಪು ಮಣಿ ಸಿಕ್ತು ಅಂತ ಸರಿಯಾಗಿ ಕೆಂಪು ಕೊಕ್ಕು ಮಾಡಿದ್ರೆ, "ಇದು ಅದಲ್ಲ" ಅಂತ ವಾಪಸ್ ಕೊಟ್ರು! ಅವತ್ತಿಂದ ನಮ್ಮ ಅಂಗಡಿ ಗಿಣಿಗೆ ನೀಲೀನೇ ಕೊಕ್ಕು.

ಬಾಗ್ಲು ಬೋಳಾದ್ರೆ ಮಾವಿನೆಲೆ ಸಾಕು ಕಣವ್ವ. ಪೆಟ್ಟಿಗೇಲಿರೋ ಸರಕ್ಕೆ ಮಾತ್ರ ಕೊರಳೇ ಬೇಕು, ಇಲ್ದಿದ್ರೆ ಅದಕ್ಕೂ ಹಸಿವು, ನಮಗೂ ಹಸಿವು. ಏಳು, ಆ ಸರ ಹಾಕ್ಕ. ಜಡೆ ಹಿಂದಕ್ಕೆ ಬುಡು. ಹಾಂ, ಈಗ ತೆಗಿ ನಿನ್ನ ಫೋಟೋ.