ಸೋಪಿನ ಡಬ್ಬಿಯ ಆಂಪ್ಲಿಫೈಯರ್

ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ರಿಮೋಟಿನ ಸೆಲ್ಲಿಗಾಗಿ ನಿಂತಿದ್ದ ದರ್ಜಿಯ ಮೂಗಿಗೆ ಮೊದಲು ಸುಟ್ಟ ವಾಸನೆ ಬಡಿಯಿತು, ಆಮೇಲೆ ಕಿವಿಗೆ ಜಗಳ. ಅವನ ಮುಂದೆ ಅಣ್ಣ-ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ, ಸೋಪಿನ ಡಬ್ಬಿಯೊಳಗೆ ಅವಳೇ ಕೂರಿಸಿದ ಆಂಪ್ಲಿಫೈಯರ್.

“ಎರಡೂ ಸ್ಪೀಕರಿನ ಕಪ್ಪು ವೈರು ಒಟ್ಟಿಗೆ ಸೇರಿಸಿದ್ದು ಯಾರು?”

“ಮೀಸೆ ಬಂದಾಗಿನಿಂದ ನಾನು ಹಾಗೇ ಸೇರಿಸೋದು.”

“ಅದು ನಿನ್ನ ಟ್ರಂಕಿನಂಥ ಹಳೇ ಆಂಪ್ಲಿಫೈಯರಿಗೆ. ಇದರಲ್ಲಿ ಸೇರಿಸಿದ್ರೆ ಒಳಗಿನ ಚಿಪ್ಪು, ಐಸಿ, ಸುಟ್ಟೋಗುತ್ತೆ ಅಂತ ಬಾಯಿ ಬಡ್ಕೊಂಡಿದ್ದೆ.”

“ಬೆಸುಗೆ ಹಾಕೋದು ಕಲಿಸಿದ್ದೇ ನಾನು. ನನಗೇ ಪಾಠ ಹೇಳ್ತೀಯಾ?”

“ನಾಳೆ ನನ್ನ ಮೊದಲ ಗಿರಾಕಿ ಬರ್ತಾರೆ. ಏನು ಕೇಳಿಸಲಿ?”

“ನನ್ನದನ್ನೇ ಕೇಳಿಸು.”

ತಂಗಿ ಅವನ ಮುಖವನ್ನೇ ನೋಡಿದಳು.

“ಐಸಿ ಎಷ್ಟು ಕೊಡ್ಲಿ?” ಅಂಗಡಿಯವನು ಕೇಳಿದ.

“ಒಂದೇ ಸಾಕು. ಇದನ್ನಿಡೋ ಕಪಾಟಿಗೆ ಬೀಗ ಇಲ್ಲಿ ಎಲ್ಲಿ ಸಿಗುತ್ತೆ?”

ಎದುರಿನ ಅಂಗಡಿಗೆ ಅವಳೊಬ್ಬಳೇ ದಾಟಿಹೋದಳು.