ಕೋಡಿ ಎತ್ತರಿಸಿದ ಊರು

ತಾಯಂದಿರೇ, ಅಣ್ಣಂದಿರೇ, ಬಾಗಿಲ ಹತ್ತಿರ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ. ಪರರು ಅನ್ನೋರು ಯಾರೂ ಇಲ್ಲ ಅಂತ ಇಷ್ಟು ಹೊತ್ತು ಪ್ರವಚನ ಮಾಡಿದೆ. ಎಲ್ಲರೂ ತಲೆ ಆಡಿಸಿದಿರಿ. ತಲೆ ಆಡಿಸೋದು ಸುಲಭ. ಈಗ ಒಂದು ದೃಷ್ಟಾಂತ ಹೇಳ್ತೀನಿ. ಆಮೇಲೂ ತಲೆ ಹಾಗೇ ಆಡುತ್ತೋ ನೋಡೋಣ.

ಒಂದು ಕೆರೆ. ಕೆರೆಯ ಈ ಕಡೆ ಒಂದೂರು, ಆ ಕಡೆ ಒಂದೂರು. ಈಚೆಯೂರು, ಆಚೆಯೂರು ಅಂತಿಟ್ಟುಕೊಳ್ಳಿ. ಈಚೆಯೂರಲ್ಲಿ ಒಬ್ಬ ಶ್ರೀಮಂತ. ಅವನ ಹೆಸರು ಕೇಳಬೇಡಿ. ಅದು ಆಗಲೇ ಬಸ್ ಸ್ಟ್ಯಾಂಡಿನ ಗೋಡೆ ಮೇಲಿದೆ, ಗುಡಿಯ ಕಲ್ಲುಬೆಂಚಿನ ಮೇಲಿದೆ, ಸ್ಮಶಾನದ ಗೇಟಿನ ಮೇಲೂ ಇದೆ. ನಾನು ಬೇರೆ ಹೇಳಬೇಕಾ? ಅದೇ ಊರಿನ ನೀರುಗಂಟಿಯ ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಅದಕ್ಕೇ ಹೇಳ್ತೀನಿ. ಚಿಕ್ಕೀರಮ್ಮ.

ಕೆರೆಯ ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡೋದು ನೀರುಗಂಟಿ ಕೆಲಸ. ಗಂಡ ಸತ್ತ ಮೇಲೆ ಅವನ ಗುದ್ದಲಿ ಚಿಕ್ಕೀರಮ್ಮನ ಕೈಗೆ ಬಂತು. ಅವಳ ಮನೆ ಕೆರೆ ಏರಿಯ ಕೆಳಗೇ ಇರೋ ಕೇರಿಯಲ್ಲಿ. ನಲವತ್ತು ಮನೆ. ಏರಿ ಮೇಲೆ ನಿಂತು ಕಲ್ಲೆಸೆದರೆ ಹೆಂಚಿಗೇ ಬೀಳುತ್ತೆ, ಅಷ್ಟು ಹತ್ತಿರ.

ಆ ಕೆರೆಗೆ ಒಂದು ಕಟ್ಟಳೆ ಇತ್ತು, ಕೇಳಿ. ಈಚೆಯೂರಿನ ಗದ್ದೆಗೆ ನೀರು ತೂಬಿನಿಂದ. ಆಚೆಯೂರಿಗೆ ಕೋಡಿಯಿಂದ. ಕೆರೆ ತುಂಬಿ ಕೋಡಿಯ ಕಲ್ಲಿನ ಮೇಲೆ ಹರಿದ ನೀರು ಕಾಲುವೆ ಹಿಡಿದು ಅವರ ಹೊಲಕ್ಕೆ ಹೋಗಬೇಕು. ಇಲ್ಲಿ ತೂಬು ಜಾಸ್ತಿ ಹೊತ್ತು ತೆಗೆದಿಟ್ಟರೆ ಅಲ್ಲಿ ಕೋಡಿ ಹರಿಯಲ್ಲ. ಹಾಗಾಗಿ ಹಿಂದಿನವರು ಏನು ಮಾಡಿದ್ದರು ಗೊತ್ತಾ? ನೀರುಗಂಟಿ ಈಚೆಯೂರಿನವನೇ ಆಗಿರಲಿ, ಆದರೆ ಅವನ ಮನೆಗೆ ರಾಗಿ ಅಳೆಯೋರು ಆಚೆಯೂರಿನವರು. ಕೈ ನಮ್ಮದು, ಅನ್ನ ಅವರದು. ಯಾವ ಪುಣ್ಯಾತ್ಮರು ಯೋಚಿಸಿದರೋ! ಸುಗ್ಗಿ ಮುಗಿದ ಮೇಲೆ ಆಚೆಯೂರಿನ ಒಬ್ಬ ತಾತ ಎತ್ತಿನಗಾಡಿಯಲ್ಲಿ ರಾಗಿಚೀಲ ತಂದು, ಚಿಕ್ಕೀರಮ್ಮನ ಜಗುಲಿ ಮೇಲೆ ಕೂತು, ಎಲೆಯಡಿಕೆ ಹಾಕ್ಕೊಂಡು, ಅರ್ಧ ದಿನ ಹರಟೆ ಹೊಡೆದು ಹೋಗ್ತಿದ್ದ.

ಈಗ ಶ್ರೀಮಂತನ ವಿಷಯಕ್ಕೆ ಬರೋಣ. ಅವನಿಗೆ ಊರಿನ ಯಜಮಾನಿಕೆ ಬೇಕಾಯ್ತು. ಊರಿಗೆ ಊರೇ ಕೂತಿದ್ದ ಸಭೆಗೆ ಹೋದ. ಮೊದಲನೇ ಸಾಲಿನಲ್ಲಿದ್ದ ಹೆಂಗಸು ಕೇಳಿದಳು, "ಸ್ವಾಮೇರಾ, ನಮ್ಮ ಕೇರಿ ಬೋರಿಂಗು ಕೆಟ್ಟು ಎರಡು ವರ್ಷ ಆಯ್ತು. ಯಾವಾಗ ಮಾಡಿಸ್ತೀರಿ?" ಶ್ರೀಮಂತ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ. ಕೆರೆ ಕಡೆ ನೋಡಿದ. ಬೆರಳು ತೋರಿಸಿದ.

"ಅದು ಯಾರ ಕೆರೆ?"

"ನಮ್ಮ ಕೆರೆ!" ಅಂತು ಜನ.

"ಅದರ ನೀರು ಕುಡೀತಿರೋರು ಯಾರು?"

ಹಿಂದಿನಿಂದ ಯಾರೋ ಕೂಗಿದರು, "ಆಚೆಯೂರಿನವರು!" ಅಷ್ಟೇ ನೋಡಿ. ಚಪ್ಪಾಳೆ, ಸಿಳ್ಳೆ. ಬೋರಿಂಗು ಕೇಳಿದ ಆ ಹೆಂಗಸೂ ಚಪ್ಪಾಳೆ ತಟ್ಟಿದಳು. ಕೇಳಿದ್ದು ಏನು ಅಂತ ಅವಳಿಗೇ ಮರೆತುಹೋಗಿತ್ತು.

ನಿಮಗೆ ನಗು ಬರ್ತಿದೆ. ನಗಿ, ನಗಿ. ನಿಮ್ಮ ಸರದಿ ಇನ್ನೂ ಬಂದಿಲ್ಲ.

ಯಜಮಾನಿಕೆ ಸಿಕ್ಕಿತು. ಆದರೆ ಬೆಂಕಿ ಹಚ್ಚಿದವನು ಸೌದೆ ಹಾಕ್ತಾನೇ ಇರಬೇಕಲ್ಲ! ಮೊದಲನೇ ವರ್ಷ ಏರಿ ಮೇಲೆ ‘ನಮ್ಮ ಕೆರೆ’ ಅಂತ ಬರೆದ ಒಂದು ಕಮಾನು ಎದ್ದಿತು. ಎರಡನೇ ವರ್ಷ ಎರಡೂರೂ ಸೇರಿ ಹೂಳೆತ್ತೋದು ನಿಂತುಹೋಯ್ತು. ಅವರ ಜೊತೆ ಒಂದೇ ಬಾಂಡ್ಲಿ ಹಿಡಿಯೋದು ಅವಮಾನವಂತೆ. ಮೂರನೇ ವರ್ಷ ಹೊಸದೇನು ಮಾಡೋದು? ಶ್ರೀಮಂತ ಅಂದ, "ಕೋಡಿ ಎತ್ತರಿಸಿ. ಒಂದು ಹನಿ ಆ ಕಡೆ ಹೋಗಬಾರದು."

ಕೋಡಿಯ ಮೇಲೆ ಕಲ್ಲು ಸಿಮೆಂಟಿನ ಗೋಡೆ ಎದ್ದಿತು, ಸೊಂಟದೆತ್ತರ. ಕಲ್ಲು ಹೊತ್ತವರು ಯಾರು? ಶ್ರೀಮಂತನಾ? ಅವನ ಅಂಗಿಗೆ ಧೂಳೂ ತಾಕಲಿಲ್ಲ. ಹೊತ್ತವರು ಕೇರಿಯವರು. ಏರಿಯ ಕೆಳಗೇ ಮಲಗೋರು. ಕೂಲಿ ಇಲ್ಲದೆ, ಕುಣೀತಾ, ಕೇಕೆ ಹಾಕ್ತಾ ಹೊತ್ತರು. ಚಿಕ್ಕೀರಮ್ಮನ ಸ್ವಂತ ಮೈದುನ ಎಲ್ಲರಿಗಿಂತ ದೊಡ್ಡ ಕಲ್ಲು ಹೊತ್ತ.

ಚಿಕ್ಕೀರಮ್ಮ ಬಂದಳು. "ಅಪ್ಪಾ, ಬ್ಯಾಡಿ. ಕೋಡಿ ಅಂದ್ರೆ ಕೆರೆ ಉಸಿರು ಬಿಡೋ ಮೂಗು. ಮೂಗು ಮುಚ್ಚಿದ್ರೆ ಅದು ಇನ್ನೆಲ್ಲೋ ಒಡ್ಕೊಂಡು ಉಸಿರು ಬಿಡ್ತದೆ."

ಶ್ರೀಮಂತ ನಕ್ಕ. ಜನದ ಕಡೆ ತಿರುಗಿ ಕೇಳಿದ, "ಇವಳ ಮನೇಲಿ ಬೇಯೋ ಮುದ್ದೆ ಯಾವೂರಿನ ರಾಗಿದು?"

ಜನ ಹೋ ಅಂತ ನಕ್ಕಿತು. ನೋಡಿದಿರಾ? ನ್ಯಾಯ ತಪ್ಪಬಾರದು ಅಂತ ಹಿರಿಯರು ಇಟ್ಟಿದ್ದ ಕಟ್ಟಳೆ, ಒಂದೇ ಮಾತಿನಲ್ಲಿ ದ್ರೋಹಕ್ಕೆ ಸಾಕ್ಷಿ ಆಯ್ತು. ಮೈದುನನೂ ತಲೆ ಎತ್ತಲಿಲ್ಲ. ಅವಳ ಗುದ್ದಲಿ ಕಿತ್ತುಕೊಂಡು ಬೇರೆಯವನ ಕೈಗೆ ಕೊಟ್ಟರು. ಅವನಿಗೆ ನೀರಿನ ಬಣ್ಣ ಗೊತ್ತಿರಲಿಲ್ಲ, ಘೋಷಣೆ ಕೂಗೋದು ಗೊತ್ತಿತ್ತು.

ಇದೆಲ್ಲ ಆಗ್ತಿರಬೇಕಾದರೆ ಆಚೆಯೂರಿನವರು ಪಾಪ, ಸುಮ್ಮನಿದ್ದರು ಅಂದುಕೊಂಡಿರಾ? ಅಲ್ಲೂ ಒಬ್ಬ ಶ್ರೀಮಂತ ಇದ್ದ. ಇವನ ಪಡಿಯಚ್ಚು. ಅವನಂದ, "ಅವರ ಎಂಜಲು ನೀರು ನಮಗೆ ಬೇಡ. ಕಾಲುವೆ ಮುಚ್ಚಿ!" ಅಲ್ಲೂ ಚಪ್ಪಾಳೆ. ಕಾಲುವೆಗೆ ಅಡ್ಡ ಮಣ್ಣು ಬಿತ್ತು. ಚಿಕ್ಕೀರಮ್ಮನಿಗೆ ಬರೋ ರಾಗಿಯೂ ನಿಂತಿತು. ಇಲ್ಲಿ ಕೂಗಿದಷ್ಟು ಅಲ್ಲಿ ಆ ಶ್ರೀಮಂತ ಬಲಿತ. ಅಲ್ಲಿ ಕೂಗಿದಷ್ಟು ಇಲ್ಲಿ ಇವನು ಬಲಿತ. ಇಬ್ಬರೂ ಒಬ್ಬರನ್ನೊಬ್ಬರು ಬೈದು ಬೈದೇ ಸಾಕಿಕೊಂಡರು. ಇಂಥ ಸ್ನೇಹ ಅಣ್ಣತಮ್ಮಂದಿರಲ್ಲೂ ಇರಲ್ಲ.

ಆ ವರ್ಷ ಮಳೆ ಹಿಡೀತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಮಳೆ ನಿಂತು ಬಿಸಿಲು ಬಂತು, ಆದರೆ ಮೇಲಿನ ಹಳ್ಳಗಳ ನೀರು ಕೆರೆಗೆ ಬರ್ತಾನೇ ಇತ್ತು. ಏರಿಯ ಅಂಚಿಗೆ ಒಂದು ಗೇಣು ಬಾಕಿ. ತೂಬು ಪೂರಾ ತೆಗೆದಿತ್ತು, ಆದರೆ ಅದು ಗದ್ದೆಗೆ ನೀರು ಕೊಡೋ ಬಾಯಿ, ಪ್ರವಾಹ ಕುಡಿಯೋದಕ್ಕೆ ಸಾಲದು. ಚಿಕ್ಕೀರಮ್ಮ ಮನೆಯ ಹಿಂದೆ ಏರಿಯ ಬುಡದಲ್ಲಿ ಕೂತು ನೋಡಿದಳು. ನೀರು ಜಿನುಗ್ತಿತ್ತು. ಜಿನುಗೋದು ಹೊಸದಲ್ಲ, ಎಲ್ಲ ಏರಿಯೂ ಜಿನುಗುತ್ತೆ. ತಿಳಿನೀರು ಜಿನುಗಿದರೆ ಭಯ ಇಲ್ಲ. ಕೆಂಪುನೀರು ಬಂತೋ, ಒಳಗಿನ ಮಣ್ಣು ಕೊಚ್ಚಿ ಬರ್ತಿದೆ ಅಂತ. ಏರಿಗೆ ಇನ್ನು ಕೆಲವೇ ಗಳಿಗೆ ಆಯುಸ್ಸು ಅಂತ.

ಬಂದದ್ದು ಕೆಂಪುನೀರು.

ಒಂದು ಚೊಂಬಲ್ಲಿ ಹಿಡಿದುಕೊಂಡು ಶ್ರೀಮಂತನ ಮನೆಗೆ ಓಡಿದಳು. ಅವನ ಮನೆ ದಿಬ್ಬದ ಮೇಲೆ. ಅಲ್ಲಿಂದ ಕೆರೆ ಬಹಳ ಚೆನ್ನಾಗಿ ಕಾಣುತ್ತೆ.

"ಸ್ವಾಮಿ, ಕೋಡಿ ಗೋಡೆ ಒಡೆಸಿ. ಕೇರಿ ಉಳಿಯಲ್ಲ."

"ಒಡೆದರೆ ಆಚೆಯೂರಿನವನು ಗೆದ್ದ ಹಾಗಲ್ವಾ?" ಅಂದ ಶ್ರೀಮಂತ. "ಕೇರಿಯವರನ್ನ ದಿಬ್ಬದ ಸ್ಕೂಲಿಗೆ ಕಳಿಸು. ಮನೆ ಹೋದರೆ ಹೋಗಲಿ. ಊರಿನ ಮಾನಕ್ಕಾಗಿ ತ್ಯಾಗ ಮಾಡಿದವರು ಅಂತ ಕಲ್ಲು ನೆಡಿಸ್ತೀನಿ, ಎಲ್ಲರ ಹೆಸರೂ ಬರೆಸ್ತೀನಿ."

ಕೇಳಿದಿರಾ ತಾಯಂದಿರೇ? ಬದುಕಿದ್ದಾಗ ಬೋರಿಂಗು ಕೊಡದವನು ಮುಳುಗಿದ ಮೇಲೆ ಕಲ್ಲು ಕೊಡ್ತಾನಂತೆ!

ಚಿಕ್ಕೀರಮ್ಮ ಅಲ್ಲಿಂದ ಓಡಿದಳು. ಕೇರಿಗೆ ಬಂದು ಮಕ್ಕಳು ಮುದುಕರನ್ನ ಸ್ಕೂಲಿಗೆ ಹತ್ತಿಸಿದಳು. ಹಾರೆ ತಗೊಂಡು ಕೋಡಿ ಕಡೆ ನಡೆದಳು. ಗೋಡೆ ಹತ್ತಿರ ಕಾವಲು ನಿಂತಿದ್ದವನು ಮೈದುನ.

"ಅತ್ತಿಗೆ, ಮುಂದೆ ಬರಬೇಡ. ಊರಿನ ಮಾನ."

ಅವಳು ಚೊಂಬು ಮುಂದೆ ಹಿಡಿದಳು. "ಇದು ನಿನ್ನ ಮನೆ ಹಿಂದ್ಗಡೆ ನೀರು ಕಣೋ. ಕೈ ಅದ್ದು. ನಿಮ್ಮಪ್ಪ ಹಾಕಿದ ಮಣ್ಣು ಅದ್ರಲ್ಲಿ ಅದೆ. ನೋಡ್ಬಿಟ್ಟು ಆಮೇಲೆ ಮಾನ ಅನ್ನು."

ಮೈದುನ ಕೈ ಅದ್ದಿದ. ಬೆರಳ ನಡುವೆ ಮಣ್ಣು ತಿಕ್ಕಿ ನೋಡಿದ. ಅವಳ ಕೈಯಿಂದ ಹಾರೆ ಇಸ್ಕೊಂಡ.

ಆದರೆ ಗೋಡೆಯ ಆಚೆ? ಮುಚ್ಚಿದ ಕಾಲುವೆಯ ಮೇಲೆ ದೊಣ್ಣೆ ಹಿಡಿದು ಆಚೆಯೂರಿನವರು ನಿಂತಿದ್ದರು. ಅವರ ಭಯವೂ ಸುಳ್ಳಲ್ಲ. ಕಾಲುವೆ ಮುಚ್ಚಿರುವಾಗ ಕೋಡಿ ಒಡೆದರೆ ನೀರು ಅವರ ಮನೆಗಳಿಗೇ ನುಗ್ಗುತ್ತೆ. ಒಡೆಯದಿದ್ದರೆ ಈಚೆ ಕೇರಿ ಮುಳುಗುತ್ತೆ. ಎರಡು ಊರೂ ಸೇರಿ, ಎರಡೂ ಕಡೆ ಜಯಘೋಷ ಹಾಕ್ಕೊಂಡು, ತಮ್ಮ ತಮ್ಮ ಬಡವರಿಗೆ ತಾವೇ ತೋಡಿದ ಗುಂಡಿ ಅದು.

ಆ ದೊಣ್ಣೆಯವರ ನಡುವೆ ರಾಗಿ ಅಳೆಯೋ ತಾತನೂ ಇದ್ದ. ಅಲ್ಲಿಂದಲೇ ಕೂಗಿದ.

"ಏನವ್ವೋ ನೀರುಗಂಟಮ್ಮ! ಏರಿ ನೀರು ಹೆಂಗದೆ?"

"ಕೆಂಪಗದೆ ಕಣ್ ತಾತೋ!"

ತಾತನ ಕೈಯ ದೊಣ್ಣೆ ಕೆಳಗೆ ಬಿತ್ತು. ಕೆಂಪು ಅಂದರೆ ಏನು ಅಂತ ಈಚೆಯೂರಿನ ಹೊಸ ನೀರುಗಂಟಿಗೆ ಗೊತ್ತಿರಲಿಲ್ಲ, ಶತ್ರುಪಾಳೆಯದ ಮುದುಕನಿಗೆ ಗೊತ್ತಿತ್ತು! "ಲೇ, ಗುದ್ದಲಿ ತನ್ರೋ!" ಅಂತ ತನ್ನವರ ಮೇಲೆ ಗದರಿದ. ಮತ್ತೆ ಈ ಕಡೆಗೆ ಕೂಗಿದ, "ಈಗ್ಲೇ ಒಡೀಬ್ಯಾಡ ಕಣವ್ವ! ಕಾಲ್ವೆ ಬಿಡಿಸ್ತೀವಿ. ನಾನು ಟವಲು ಬೀಸ್ದಾಗ ಒಡಿ!"

ಈಗ ಹೇಳಿ. ಮನೆ ಹಿಂದೆ ಏರಿ ಕರಗ್ತಿದೆ. ಕಾಯಿರಿ ಅಂತ ಹೇಳ್ತಿರೋನು ವೈರಿ ಊರಿನವನು. ನೀವು ಕಾಯ್ತಿದ್ದಿರಾ?

ಮೈದುನ ಹಾರೆ ಎತ್ತಿದ. "ಮೋಸ ಮಾಡ್ತಾರೆ ಅತ್ತಿಗೆ. ನಮ್ಮನ್ನ ಮುಳುಗಿಸಿ ನಗ್ತಾರೆ. ಒಡೆದೇ ಬಿಡ್ತೀನಿ."

"ತಡಿ."

"ಯಾವ ಧೈರ್ಯದ ಮೇಲೆ ತಡೀಲಿ?"

"ಆ ಮುದುಕ ಒಂದಿನ ಅಳತೆ ತಪ್ಪಿದ್ದು ನಾ ಕಾಣೆ. ಅಳೆದು ಮುಗಿಸಿ, ಮೇಲೊಂದು ಬೊಗಸೆ ಹಾಕೋನು. ತಡಿ."

ತಡೆದರು. ಆ ಕಡೆ ಇಪ್ಪತ್ತು ಗುದ್ದಲಿ ಏಳೋದು, ಬೀಳೋದು ಕಾಣ್ತಿತ್ತು. ಈ ಕಡೆ ಒಬ್ಬೊಬ್ಬರಾಗಿ ಕೇರಿಯವರೆಲ್ಲ ಹಾರೆ ಹಿಡಿದು ಬಂದು ನಿಂತರು. ಅಂತೂ ಟವಲು ಮೇಲೆದ್ದಿತು. ಕೆಂಪು ಚೌಕಳಿಯ ಹಳೇ ಟವಲು. ಬಾವುಟ ಅಂದರೆ ಅದು ನೋಡಿ!

ಮೈದುನ ಮೊದಲು ಕಿತ್ತಿದ್ದು ತಾನೇ ಹೊತ್ತು ತಂದಿದ್ದ ದೊಡ್ಡ ಕಲ್ಲನ್ನ. ನೀರು ಗುಡುಗಿಕೊಂಡು ಕಾಲುವೆ ಹಿಡೀತು. ಆಚೆಯೂರಿನ ಒಂದು ಮನೆಗೂ ನುಗ್ಗಲಿಲ್ಲ. ಸಂಜೆ ಹೊತ್ತಿಗೆ ಏರಿಯ ಬುಡದಲ್ಲಿ ಜಿನುಗೋ ನೀರು ತಿಳಿಯಾಯ್ತು. ನಲವತ್ತು ಮನೆಯಲ್ಲೂ ಅವತ್ತು ಒಲೆ ಹೊತ್ತಿತು.

ಮಾರನೇ ದಿನ ಶ್ರೀಮಂತ ಬಿಳಿ ಬಟ್ಟೆ ಹಾಕ್ಕೊಂಡು ಏರಿ ಮೇಲೆ ಬಂದ. "ನಾನು ಸರಿಯಾದ ಸಮಯಕ್ಕೆ ಅಪ್ಪಣೆ ಕೊಟ್ಟೆ..." ಅಂತ ಭಾಷಣ ಶುರು ಮಾಡಿದ. ಮೊದಲನೇ ಸಾಲಿನಿಂದ ಅದೇ ಹೆಂಗಸು ಎದ್ದು ನಿಂತಳು.

"ಅದಿರಲಿ ಸ್ವಾಮಿ. ಆ ಬೋರಿಂಗು?"

ಈ ಸಲವೂ ಅವನು ಕೆರೆ ಕಡೆ ಬೆರಳು ತೋರಿಸಿದ. ಯಾರೂ ಆ ಕಡೆ ತಿರುಗಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡ್ತಾ ಕೂತರು.

ಈಗ ನಿಮ್ಮ ಸರದಿ.

ಆ ಕೆರೆ ಎಷ್ಟು ದೊಡ್ಡದಾಗಬಹುದು ಅಂದುಕೊಂಡಿರಿ? ಒಂದು ನದಿಯಷ್ಟು, ಒಂದು ರಾಜ್ಯದಷ್ಟು, ಎರಡು ದೇಶಗಳ ನಡುವಿನ ಗಡಿಯಷ್ಟು. ಶ್ರೀಮಂತರು ಮಾತ್ರ ಎಲ್ಲ ಕಡೆಯೂ ಅದೇ ಅಳತೆಯವರು, ಮನೆ ದಿಬ್ಬದ ಮೇಲೆ ಕಟ್ಟಿಕೊಂಡವರು. ಯುದ್ಧ ಆಗಲಿ ಅಂತ ಟೀವಿಯಲ್ಲಿ ಅರಚೋನ ಮಗ ಗಡಿಗೆ ಹೋಗ್ತಾನಾ? ಹೋಗೋದು ಏರಿ ಕೆಳಗಿನವರ ಮಕ್ಕಳು. ನೆರೆಯವರ ಜೊತೆ ಮಾತು ಬಿಟ್ಟು, ವ್ಯಾಪಾರ ಮುರಿದು, ಎದೆ ತಟ್ಟಿಕೊಂಡ ದಿನ ಒಲೆ ಆರೋದು ಅವರ ಮನೆಯಲ್ಲೇ.

ನಿಮ್ಮೂರನ್ನ ಪ್ರೀತಿಸಬೇಡಿ ಅಂತ ನಾನು ಹೇಳಲ್ಲ, ಹೇಳೋನೂ ಅಲ್ಲ. ಈಚೆಯೂರನ್ನ ಚಿಕ್ಕೀರಮ್ಮನಿಗಿಂತ ಹೆಚ್ಚು ಪ್ರೀತಿಸಿದವರು ಯಾರಿದ್ದರು? ಅದರ ಏರಿಯ ಒಂದೊಂದು ಹಿಡಿ ಮಣ್ಣಿನ ಬಣ್ಣ ಗೊತ್ತಿದ್ದವಳು ಅವಳು. ಪ್ರೀತಿಸೋರು ಏರಿಯ ಬುಡ ನೋಡ್ತಾರೆ. ಕಮಾನು ನೋಡ್ಕೊಂಡು ಕುಣಿದವರು ನಾವು. ಹೌದು, ನಾವು. ಕಲ್ಲು ಹೊತ್ತವರು ನಾವೇ ಅನ್ನೋದನ್ನ ಮರೀಬೇಡಿ. ಹೊತ್ತವರು ನಾವಾದ್ದರಿಂದಲೇ ಕೀಳೋ ಶಕ್ತಿಯೂ ನಮ್ಮ ಕೈಯಲ್ಲಿದೆ. ನನಗೆ ಧೈರ್ಯ ಬರೋದು ಅಲ್ಲಿಂದಲೇ.

ನಾಳೆ ಬೆಳಗ್ಗೆ ನಿಮ್ಮ ಫೋನಿಗೆ ಒಂದು ವಿಡಿಯೋ ಬರುತ್ತೆ. ಆಚೆಯವರು ಹೀಗಂದರು, ಆಚೆಯವರು ಹಾಗೆ ಮಾಡಿದರು ಅಂತ. ರಕ್ತ ಕುದಿಯುತ್ತೆ, ಬೆರಳು ತಾನಾಗಿ ಮುಂದಿನವರಿಗೆ ಕಳಿಸೋದಕ್ಕೆ ಹೋಗುತ್ತೆ. ಬೆರಳು ತಡೀರಿ. ಇವತ್ತು ಬೆಳಗ್ಗೆ ನಾನು ಯಾರ ಹತ್ತಿರ ಏನು ಕೇಳಬೇಕು ಅಂತ ಎದ್ದಿದ್ದೆ, ಅದನ್ನ ಮೊದಲು ನೆನಪು ಮಾಡ್ಕೊಳ್ಳಿ. ರೇಷನ್ನಾ, ಆಸ್ಪತ್ರೆಯಾ, ಮಗನ ಕೆಲಸವಾ? ಅದನ್ನೇ ಹೋಗಿ ಕೇಳಿ. ಉತ್ತರ ಬರೋವರೆಗೂ ಕೂರಬೇಡಿ. ನಿಮ್ಮವರು ಯಾರನ್ನಾದರೂ ಯಾರ ಅನ್ನ ತಿಂತೀಯಾ ಅಂತ ಹಂಗಿಸಿದಾಗ ನಗೋ ಗುಂಪಲ್ಲಿ ಸೇರಬೇಡಿ, ಹಂಗಿಸಿಕೊಂಡವರ ಪಕ್ಕಕ್ಕೆ ಹೋಗಿ ನಿಲ್ಲಿ. ಇನ್ನೊಂದು ಮಾತು. ನಿಮ್ಮ ಬೀದಿಯಲ್ಲಿ ನೀವು ಮಾತು ಬಿಟ್ಟ ಒಂದು ಮನೆ ಇದ್ದೇ ಇರುತ್ತೆ. ಬೇರೆ ಜಾತಿಯದೋ, ಬೇರೆ ಭಾಷೆಯದೋ, ಬೇರೆ ದೇವರದೋ. ಇವತ್ತು ಇಲ್ಲಿಂದ ಎದ್ದು ಹೋಗ್ತಾ ಆ ಮನೆ ಮುಂದೆ ನಿಂತು ಹೇಗಿದ್ದೀರಿ ಅಂತ ಕೇಳಿ. ಏರಿ ಜಿನುಗೋ ದಿನ ಟವಲು ಬೀಸೋ ಕೈ ಆ ಮನೆಯಲ್ಲೇ ಇರಬಹುದು.

ಏಳಿ. ಚಪ್ಪಲಿ ಹುಡುಕೋ ಮುಂಚೆ, ಯಾವ ಮನೆ ಅಂತ ಮನಸ್ಸಲ್ಲಿ ಒಂದು ಸಲ ಹೇಳ್ಕೊಳ್ಳಿ.